ಕಾಳಿಯ ದಂಡೆಯಲ್ಲಿ ನಾವು ನಾಲ್ವರು

ನಮ್ಮಂಥ ಸಣ್ಣ ಊರಿನ ಗೃಹಿಣಿಯರಿಗೆ ಪ್ರವಾಸವೆಂದರೆ ಏನು, ನೀವೇ ಹೇಳಿ? ತಂಗಿಯ ಮಗಳ ಮದುವೆ, ಮಗಳ ಬಾಣಂತನ, ಮನೆದೇವರ ಜಾತ್ರೆ, ಇಲ್ಲವೇ ಯಾರಾದರೂ ತೀರಿಕೊಂಡ ಸುದ್ದಿ. ಕಾರಣವಿಲ್ಲದೆ ಬಸ್ಸು ಹತ್ತಿದ ಹೆಂಗಸನ್ನು ನಾವು ಕಂಡಿದ್ದೇವೆಯೇ? ಅದರಲ್ಲೂ ವಯಸ್ಸು ಅರವತ್ತು ದಾಟಿ, ಜೊತೆಗಿದ್ದವರು ಕಣ್ಣು ಮುಚ್ಚಿದ ಮೇಲಂತೂ ಕೇಳುವುದೇ ಬೇಡ. ಅಡಿಗೆಮನೆ, ದೇವರ ಕೋಣೆ, ಟಿ.ವಿ..... ಮತ್ತೆ ಅಡಿಗೆಮನೆ.

ಅಂಥ ನಾಲ್ವರು ಕಾರಣವಿಲ್ಲದೆ ಬಸ್ಸು ಹತ್ತಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸುತ್ತಿ ಬಂದ ಸಮಾಚಾರ ಇದು. ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಆದರೆ ನಾನು ಬರೆಯಲು ಕುಳಿತದ್ದು ಬರೀ ಊರುಗಳ ವಿಷಯವಲ್ಲ. ದುಃಖದಲ್ಲಿರುವ ಗೆಳತಿಯನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ ಎಂಬುದೂ ಇದರಲ್ಲಿದೆ.

ಹಳಿಯಾಳದ ಒಂದು ಓಣಿ

ಉತ್ತರ ಕನ್ನಡವೆಂದ ಕೂಡಲೇ ನಿಮಗೆ ಕಾರವಾರದ ಕಡಲೋ ಶಿರಸಿಯ ಅಡಿಕೆ ತೋಟವೋ ನೆನಪಾಗಬಹುದು. ನಮ್ಮ ಹಳಿಯಾಳ ಎರಡೂ ಅಲ್ಲ. ಧಾರವಾಡದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಭತ್ತ, ಕಬ್ಬು, ಗೋವಿನಜೋಳ ಬೆಳೆಯುವ ಊರು. ಸಂತೆಯಲ್ಲಿ ತರಕಾರಿಯಾಕೆ ಮರಾಠಿಯಲ್ಲಿ ಬೆಲೆ ಹೇಳಿದರೆ, ಕೊಳ್ಳುವಾಕೆ ಕನ್ನಡದಲ್ಲಿ ಚೌಕಾಶಿ ಮಾಡುತ್ತಾಳೆ, ನಡುವೆ ಕೊಂಕಣಿಯಲ್ಲೊಬ್ಬರು ಪಂಚಾಯಿತಿ ಮಾಡುತ್ತಾರೆ. ಜಗಳ ಯಾವ ಭಾಷೆಯಲ್ಲಾದರೂ ಎಲ್ಲರಿಗೂ ತಿಳಿಯುತ್ತದೆ!

ಇಲ್ಲಿನ ನಮ್ಮ ಓಣಿಯ ಗುಂಪನ್ನು ಮೊದಲು ಪರಿಚಯ ಮಾಡಿಕೊಡುತ್ತೇನೆ. ಎಲ್ಲರಿಗಿಂತ ಹಿರಿಯರು ಮಾವಶಿ. ಯಾರಿಗೆ ಮಾವಶಿಯೋ ಯಾರೂ ಕೇಳಿಲ್ಲ, ಇಡೀ ಓಣಿಗೇ ಮಾವಶಿ. ವಯಸ್ಸು ಎಪ್ಪತ್ತಾರು, ಬಾಯಲ್ಲಿ ಹಲ್ಲು ನಾಲ್ಕು, ಮಾತು ಮಾತ್ರ ನಾಲ್ಕು ಸಾವಿರ. ಯಜಮಾನರು ತೀರಿಕೊಂಡು ಹತ್ತು ವರ್ಷವಾಯಿತು. ಎರಡನೆಯವರು ಅಕ್ಕೋರು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುವುದು ರೂಢಿ. ಕ್ರೈಸ್ತರು, ಮದುವೆಯಾಗಲಿಲ್ಲ, ತಮ್ಮ ಅಕ್ಕನೊಂದಿಗೆ ನಲವತ್ತು ವರ್ಷ ಒಂದೇ ಮನೆಯಲ್ಲಿದ್ದವರು. ಎರಡು ವರ್ಷದ ಹಿಂದೆ ಆ ಅಕ್ಕ ಹೋಗಿಬಿಟ್ಟರು. ಗಂಡ ಹೋದರೆ ಊರೇ ಬಂದು ಮಾತಾಡಿಸುತ್ತದೆ. ಅಕ್ಕ ಹೋದರೆ ‘ಪಾಪ, ವಯಸ್ಸಾಗಿತ್ತು’ ಎಂದು ಸುಮ್ಮನಾಗುತ್ತದೆ. ನಲವತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತವರ ದುಃಖಕ್ಕೆ ನಮ್ಮಲ್ಲಿ ಹೆಸರೇ ಇಲ್ಲ ನೋಡಿ. ಮೂರನೆಯವಳು ನಾನು. ನಮ್ಮವರು ಹೋಗಿ ಮೂರು ವರ್ಷ.

ನಾಲ್ಕನೆಯವರು ಎದುರು ಮನೆಯ ವೈನಿ. ಅವರ ಯಜಮಾನರು ಒಂದು ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹದಿಮೂರು ದಿನ ಮನೆ ತುಂಬ ಜನ. ಒಬ್ಬರು ಅಳುವವರು, ಒಬ್ಬರು ಸಮಾಧಾನ ಹೇಳುವವರು, ಇನ್ನೊಬ್ಬರು ಚಹಾ ಕೇಳುವವರು. ಹದಿನಾಲ್ಕನೆಯ ದಿನ ಮಗ-ಸೊಸೆ ಪುಣೆಗೆ ಹೊರಟರು, ನೆಂಟರು ತಮ್ಮ ತಮ್ಮ ಊರಿಗೆ ಹೋದರು. ಆಮೇಲೆ ಎಂಟು ತಿಂಗಳು ವೈನಿ ಹೊಸ್ತಿಲು ದಾಟಲಿಲ್ಲ. ಬೆಳಿಗ್ಗೆ ಎದ್ದು ರೂಢಿಯಂತೆ ಎರಡು ಲೋಟ ಚಹಾ ಮಾಡುತ್ತಿದ್ದರು. ಒಂದು ಕುಡಿದು, ಇನ್ನೊಂದು ಆರಿದ ಮೇಲೆ ಅಂಗಳದ ಮಲ್ಲಿಗೆ ಬಳ್ಳಿಯ ಬುಡಕ್ಕೆ ಚೆಲ್ಲುತ್ತಿದ್ದರು. ನಾವು ನೋಡಿದೆವು, ಏನು ಹೇಳಬೇಕೆಂದು ತಿಳಿಯಲಿಲ್ಲ. ಮಾವಶಿಗೆ ತಿಳಿಯಿತು. ಒಂದು ದಿನ ಸೀದಾ ಒಳಗೆ ಹೋಗಿ, “ಏ ಹುಡುಗಿ, ಮಲ್ಲಿಗಿ ಬಳ್ಳಿಗೆ ಚಹಾದ ಚಟ ಹಚ್ಚಬ್ಯಾಡ. ಆ ಲೋಟ ಇಲ್ಲಿ ಕೊಡು” ಎಂದು ಕುಡಿದುಬಿಟ್ಟರು. ಅಂದಿನಿಂದ ಬೆಳಗಿನ ಎರಡನೆಯ ಲೋಟ ಮಾವಶಿಯದು. ‘ಹುಡುಗಿ’ಗೆ ಅರವತ್ತಮೂರು ವರ್ಷ ಎಂಬುದನ್ನು ಹೇಳಲು ಮರೆತಿದ್ದೆ.

ಸೊನ್ನೆ ಟಿಕೆಟ್ಟು

2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆಯೆಂದು ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಾಯಿತಷ್ಟೆ? ಕಂಡಕ್ಟರ್ ಕೊಡುವ ಚೀಟಿಯಲ್ಲಿ ಬೆಲೆಯ ಜಾಗಕ್ಕೆ ಸೊನ್ನೆ. “ಮಕ್ಕಳ ಕೈಯಲ್ಲಿ ದುಡ್ಡು ಕೇಳಬೇಕಲ್ಲ” ಎಂಬ ನಮ್ಮ ದೊಡ್ಡ ನೆಪ ಅಲ್ಲಿಗೆ ಹೋಯಿತು. ದಾಂಡೇಲಿಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದುಬಿಡೋಣ ಎಂದು ಅಕ್ಕೋರು ಸೂಚಿಸಿದರು. ವೈನಿ ಒಪ್ಪಲಿಲ್ಲ. “ಇನ್ನೂ ವರ್ಷಾಂತಿಕ ಆಗಿಲ್ರಿ. ಮಂದಿ ಏನಂದಾರು?”

ಮಾವಶಿ ಸೊಂಟಕ್ಕೆ ಕೈಯಿಟ್ಟು ನಿಂತರು. “ಮನ್ಯಾಗ ಕುಂತ್ರ ಅವರು ತಿರುಗಿ ಬರ್ತಾರೇನು? ಇಲ್ಲ. ಬಸ್ಸಿನ್ಯಾಗ ಕುಂತ್ರ ಕಡೀಕ ದಾಂಡೇಲಿರೆ ಬರ್ತೈತಿ. ಏಳು!”

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ಒಂದಿಷ್ಟು ಹಚ್ಚಿದ ಅವಲಕ್ಕಿ. ಕಂಡಕ್ಟರ್ ಹುಡುಗ ಮಾವಶಿಯ ಆಧಾರ್ ಕಾರ್ಡನ್ನು ಮೂರು ಸಲ ತಿರುಗಿಸಿ ನೋಡಿ, “ಅಜ್ಜೀ, ಈ ಫೋಟೋ ನಿಮ್ಮದೇನ್ರಿ?” ಎಂದ. “ನಂದೇ ತಮ್ಮಾ. ಅದನ್ನ ತಗಸೂ ದಿನ ನನ್ನ ಗಂಡ ಇದ್ದ, ಆವತ್ತ ಜಗಳ ಆಗಿತ್ತು. ಅದಕ್ಕ ಮಾರಿ ಹಂಗ ಐತಿ” ಎಂದರು ಮಾವಶಿ. ಹಿಂದಿನ ಸೀಟಿನವರೆಗೂ ನಗೆ ಹರಡಿತು.

ವೈನಿಯ ಕೈಗೆ ಸೊನ್ನೆ ಟಿಕೆಟ್ಟು ಬಂತು. ಅದನ್ನೇ ಬಹಳ ಹೊತ್ತು ನೋಡುತ್ತಿದ್ದರು. ನಾನು ಮೆಲ್ಲಗೆ, “ನಿಮ್ಮ ಯಜಮಾನರು ಎಂಟಾಣೆ ಚಿಲ್ಲರೆಗೆ ಧಾರವಾಡದ ತನಕ ಕಂಡಕ್ಟರ್ ಜೊತೆ ವಾದ ಮಾಡಿದವರು. ಈ ಸೊನ್ನೆ ನೋಡಿದ್ದರೆ ಎದ್ದು ಬಂದುಬಿಡುತ್ತಿದ್ದರು” ಎಂದೆ. ವೈನಿ ತಲೆ ಎತ್ತಲಿಲ್ಲ. ಆಮೇಲೆ ಅಂದರು: “ಬಂದ್ರೂ ಉಪಯೋಗಿಲ್ರಿ. ಗಂಡಸರಿಗೆ ಪೂರ್ತಿ ಟಿಕೆಟ್ ಅದ.”

ಎಂಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ನಗೆಮಾತು ಅದು. ನಾವು ನಕ್ಕೆವು, ಅವರೂ ನಕ್ಕರು, ನಗುತ್ತಲೇ ಸೆರಗು ಬಾಯಿಗೆ ಹಿಡಿದು ಅಳತೊಡಗಿದರು. ಮುಂದಿನ ಸೀಟಿನಲ್ಲಿದ್ದ ಪರಿಚಯದಾಕೆಯೊಬ್ಬರು ತಿರುಗಿ, “ಗಂಡ ಹೋಗಿ ಇನ್ನೂ ವರುಷ ತುಂಬಿಲ್ಲ.....” ಎಂದು ಅರ್ಧಕ್ಕೆ ನಿಲ್ಲಿಸಿದರು. ಅಂಥ ಅರ್ಧ ಮಾತುಗಳು ಪೂರ್ತಿ ಮಾತಿಗಿಂತ ಹೆಚ್ಚು ಚುಚ್ಚುತ್ತವೆ, ಅಲ್ಲವೇ? ಮಾವಶಿ ಮಾತ್ರ ಶಾಂತವಾಗಿ, “ಸೂತಕ ಹದಿಮೂರು ದಿನಕ್ಕ ಮುಗೀತವ್ವಾ. ನಗೂದಕ್ಕ ಬ್ಯಾರೆ ಸೂತಕ ಇಲ್ಲ” ಎಂದರು. ಆಕೆ ಮುಂದಕ್ಕೆ ತಿರುಗಿ ಕುಳಿತರು.

ಇನ್ನೊಂದು ಮಾತು. ಕಿಟಕಿಯ ಸೀಟು ಅಂದು ನನ್ನದಾಗಿತ್ತು. ಮದುವೆಯಾದಂದಿನಿಂದ ಬಸ್ಸಿನಲ್ಲಿ ಕಿಟಕಿ ಯಾವಾಗಲೂ ನಮ್ಮವರದೇ. ‘ನಿನಗೆ ಗಾಳಿ ತಾಗಿ ನೆಗಡಿ ಆಗ್ತದೆ’ ಎನ್ನುತ್ತಿದ್ದರು. ಅಂದು ನೆಗಡಿಯೇನೂ ಆಗಲಿಲ್ಲ. ಆದರೆ ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಕಣ್ಣು ಮಾತ್ರ ಒದ್ದೆಯಾಯಿತು. ಬಯಸಿದ್ದು ಸಿಕ್ಕಾಗಲೂ ಹೀಗಾಗುತ್ತದೆ ನೋಡಿ.

ದಾಂಡೇಲಿಯ ಮಂಗಟ್ಟೆ ಹಕ್ಕಿ

ಹಳಿಯಾಳ ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ತೇಗದ ಮರಗಳು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತವೆ. ಮೊದಲು ಹಳಿಯಾಳ ತಾಲ್ಲೂಕಿನಲ್ಲಿದ್ದ ದಾಂಡೇಲಿ ಈಗ ತಾನೇ ಒಂದು ತಾಲ್ಲೂಕು. 1959ರಲ್ಲಿ ಕಾಗದದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ ಮೇಲೆ ಎಲ್ಲೆಲ್ಲಿಯ ಜನವೋ ಬಂದು ಬೆಳೆದ ಊರು. ಊರ ಮಗ್ಗುಲಲ್ಲೇ ಕಾಳಿ ನದಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, 184 ಕಿ.ಮೀ. ಹರಿದು, ಕಾರವಾರದಲ್ಲಿ ಕಡಲು ಸೇರುತ್ತದೆ. ಹುಟ್ಟಿದ್ದೂ ಸೇರಿದ್ದೂ ಒಂದೇ ಜಿಲ್ಲೆಯಲ್ಲಿ. ತವರೂ ಅತ್ತೆಮನೆಯೂ ಒಂದೇ ಊರಿನಲ್ಲಿದ್ದ ಹಾಗೆ.

ದಾಂಡೇಲಿ ಅಭಯಾರಣ್ಯವಾದದ್ದು 1956ರಲ್ಲಿ. ಈಗಿನ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಆ ಹೆಸರು. ಯುವಕರು ಬರುವುದು ನದಿಯಲ್ಲಿ ರಬ್ಬರಿನ ದೋಣಿ ಹತ್ತಿ ಕೂಗಾಡುವುದಕ್ಕೆ. ನಮಗೆ ಅದೆಲ್ಲ ಬೇಡವೆಂದು ದಂಡೆಯ ಮೇಲೆ ಡಬ್ಬಿ ಬಿಚ್ಚಿದೆವು. ಕಾಳಿಯಲ್ಲಿ ಮೊಸಳೆಗಳಿವೆ, ನೀರಿಗಿಳಿಯಬಾರದು. ನೀವು ಹೋದರೂ ಜೋಕೆ. “ನನ್ನನ್ನ ಹಿಡಿದ್ರ ಮೊಸಳಿಗೇ ನಷ್ಟ. ಬರೇ ಎಲುಬು” ಎಂದು ಮಾವಶಿ ಮೊಸರನ್ನಕ್ಕೆ ಕೈ ಹಾಕಿದರು.

ಊಟವಾದ ಮೇಲೆ ಮರಮುಟ್ಟಿನ ಡಿಪೋದ ಕಡೆ ನಡೆದೆವು. ಅಲ್ಲಿನ ಎತ್ತರದ ಮರಗಳಿಗೆ ಮಂಗಟ್ಟೆ ಹಕ್ಕಿಗಳು ಬರುತ್ತವೆ. ದೊಡ್ಡ ಬಾಗಿದ ಕೊಕ್ಕು, ಅದರ ಮೇಲೊಂದು ಶಿಖೆ, ಹಾರಿದರೆ ಉಗಿಬಂಡಿಯ ಹಾಗೆ ಸದ್ದು. ಈ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಅಕ್ಕೋರು ಶಾಲೆಯಲ್ಲಿ ಪಾಠ ಮಾಡಿದವರಲ್ಲವೇ, ಅಲ್ಲೇ ನಿಂತು ಅದರ ಸಂಸಾರದ ಕಥೆ ಹೇಳಿದರು.

ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರುತ್ತದೆ. ತನ್ನ ಹಿಕ್ಕೆ, ಹಣ್ಣಿನ ಚೂರು, ಮಣ್ಣು ಎಲ್ಲ ಸೇರಿಸಿ ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಒಳಗೆ ಹಾರುವ ಗರಿಗಳೂ ಉದುರುತ್ತವೆ. ಗಂಡು ಹಕ್ಕಿ ದಿನವಿಡೀ ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ. ಆ ಗಂಡಿಗೇನಾದರೂ ಆದರೆ ಒಳಗಿನ ಜೀವಗಳಿಗೆ ಕಷ್ಟ ತಪ್ಪಿದ್ದಲ್ಲ.

ಯಾರೂ ಮಾತಾಡಲಿಲ್ಲ. ವೈನಿಯೇ ಅಂದರು, “ನಾನೂ ಹಂಗೇ ಇದ್ದೆ ನೋಡ್ರಿ. ಕರೆಂಟ್ ಬಿಲ್ಲು, ಬ್ಯಾಂಕು, ಗ್ಯಾಸು ಎಲ್ಲಾ ಅವರೇ. ಪಾಸ್‌ಬುಕ್ ಯಾವ ಕಪಾಟಿನಾಗ ಅದ ಅಂತ ಹುಡಕೂದಕ್ಕ ಒಂದು ವಾರ ಹಿಡೀತು.” ಆಗ ಅಕ್ಕೋರು ಕಥೆಯ ಉಳಿದ ಭಾಗ ಹೇಳಿದರು. ಹೊತ್ತು ಬಂದಾಗ ಆ ಗೋಡೆಯನ್ನು ಹೊರಗಿನವರು ಯಾರೂ ಒಡೆಯುವುದಿಲ್ಲ. ಹೊಸ ಗರಿ ಮೂಡಿದ ಮೇಲೆ ಹೆಣ್ಣೇ ತನ್ನ ಕೊಕ್ಕಿನಿಂದ ಒಡೆದು ಹೊರಗೆ ಬರುತ್ತದೆ.

ಸೋದರಿಯರೇ, ಮಂಗಟ್ಟೆ ನೋಡಲು ದಾಂಡೇಲಿಗೆ ಹೋಗುವುದು ಯಾವಾಗಲೋ ಆಗಲಿ, ಇದೊಂದನ್ನು ಇಂದೇ ಮಾಡಿ. ಪಾಸ್‌ಬುಕ್ಕು, ವಿಮೆಯ ಕಾಗದ, ಮನೆಯ ಪತ್ರ, ಪಿಂಚಣಿಯ ಪುಸ್ತಕ ಎಲ್ಲಿವೆ, ನಾಮಿನಿ ಎಂದು ಯಾರ ಹೆಸರಿದೆ ಎಂಬುದು ಗಂಡ-ಹೆಂಡಿರಿಬ್ಬರಿಗೂ ತಿಳಿದಿರಲಿ. ಕೇಳುವುದು ಅಪಶಕುನವಲ್ಲ. ಹಾಗೆಯೇ ಅವರಿಗೂ ಅನ್ನ ಮಾಡುವುದನ್ನು, ಸಕ್ಕರೆ ಡಬ್ಬಿ ಯಾವುದು, ಉಪ್ಪಿನ ಡಬ್ಬಿ ಯಾವುದು ಎಂಬುದನ್ನು ಕಲಿಸಿಡಿ. ಮೊದಲು ಹೋಗುವವರು ನಾವೇ ಆಗಬಾರದೆಂದೇನಿದೆ?

ಜೋಯಿಡಾ: ನೀರಿನೊಳಗಿನ ಊರು

ಎರಡನೆಯ ಪ್ರಯಾಣ ಜನವರಿಯಲ್ಲಿ, ಜೋಯಿಡಾಕ್ಕೆ. ಈ ಸಲ ವೈನಿಯನ್ನು ಕರೆಯಲು ಹೋದಾಗ ಅವರಾಗಲೇ ಡಬ್ಬಿ ಕಟ್ಟಿಟ್ಟಿದ್ದರು.

ದಾಂಡೇಲಿಯಿಂದ ಮುಂದೆ ಕಾಡು ದಟ್ಟವಾಗುತ್ತ ಹೋಗುತ್ತದೆ. ದಾರಿಯಲ್ಲಿ ಗಣೇಶಗುಡಿ, ಅಲ್ಲಿಯೇ ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ. ನಮ್ಮ ನಿಮ್ಮ ಮನೆಯ ಮಿಕ್ಸರ್ ತಿರುಗುವ ವಿದ್ಯುತ್ತಿನಲ್ಲಿ ಈ ನೀರಿನ ಪಾಲೂ ಇದೆ. ಆದರೆ ಈ ನೀರಿನ ಕೆಳಗೆ ಒಂದು ಊರಿದೆ. ಕಾಳಿ ಮತ್ತು ಪಾಂಢರಿ ಹೊಳೆಗಳು ಸೇರುವಲ್ಲಿ ಸೂಪಾ ಎಂಬ ಪೇಟೆ ಇತ್ತು. ತಾಲ್ಲೂಕಿಗೇ ಅದರ ಹೆಸರು. 1980ರ ದಶಕದಲ್ಲಿ ಅಣೆಕಟ್ಟು ಮುಗಿದು ಅದು ಮುಳುಗಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ನೆಲೆ ಕಳೆದುಕೊಂಡ ಬಹಳಷ್ಟು ಕುಟುಂಬಗಳು ಹೊಸದಾಗಿ ಎದ್ದ ರಾಮನಗರಕ್ಕೆ ಹೋದವು.

ನಾವು ಜೋಯಿಡಾಕ್ಕೆ ಹೋದದ್ದು ಗೆಡ್ಡೆ-ಗೆಣಸಿನ ಮೇಳಕ್ಕಾಗಿ. ಈ ತಾಲ್ಲೂಕಿನ ಕುಣಬಿ ಜನ ಕಾಡಂಚಿನ ಹಿತ್ತಲುಗಳಲ್ಲಿ ತಲೆತಲಾಂತರದಿಂದ ಬಗೆಬಗೆಯ ಗೆಡ್ಡೆ ಬೆಳೆಯುತ್ತ ಬಂದಿದ್ದಾರೆ. ಜನವರಿಯ ಹೊತ್ತಿಗೆ ಅವನ್ನೆಲ್ಲ ಅಗೆದು ತಂದು ಮೇಳದಲ್ಲಿ ಸಾಲಾಗಿ ಇಡುತ್ತಾರೆ. ಮೊಣಕಾಲುದ್ದದ ಮುಡ್ಲಿ, ಆನೆಯ ಪಾದದಂಥ ಸುವರ್ಣಗೆಡ್ಡೆ, ಹೆಸರು ತಿಳಿಯದ ಕಪ್ಪು, ಕೆಂಪು, ಬಿಳಿ ಗೆಣಸುಗಳು..... ತರಕಾರಿಯೆಂದರೆ ಬದನೆ, ಬೆಂಡೆ ಎಂದುಕೊಂಡ ನಮಗೆ ಕಣ್ಣರಳಿತು.

ಅಲ್ಲಿಯೇ ನೆರಳಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮಾವಶಿಗೆ ಗಂಟುಬಿದ್ದರು. ಇಬ್ಬರದೂ ಅರ್ಧ ಮರಾಠಿ, ಅರ್ಧ ಕನ್ನಡ. ಅವರು ಹಳೆಯ ಸೂಪಾದಲ್ಲಿ ಬಾಳಿದವರಂತೆ. “ಮನಿ ಎಲ್ಲಿ?” ಎಂದು ಮಾವಶಿ ಕೇಳಿದ್ದಕ್ಕೆ, “ನೀರಾಗ” ಎಂದರು, ಪಕ್ಕದ ಓಣಿಯಲ್ಲಿದೆ ಎಂಬಷ್ಟು ಸಹಜವಾಗಿ. ಮನೆ ಹೋಯಿತು, ಹೊಲ ಹೋಯಿತು, ಆಮೇಲೆ ಯಜಮಾನರೂ ಹೋದರು. ಅವರಿಗೆ ಹೆಚ್ಚು ಕಷ್ಟವಾದದ್ದು ಯಾವುದು ಗೊತ್ತೇ? ಹೊಸ ಊರಿನಲ್ಲಿ ಜಾಗ ಹಂಚಿದಾಗ ಹಳೆಯ ಪಕ್ಕದ ಮನೆಯಾಕೆ ಎಲ್ಲೋ ನಾಲ್ಕು ಓಣಿ ಆಚೆ ಬಿದ್ದದ್ದು! “ಮನಿ ಮುಳುಗಿತು, ಆಕಿ ಮುಳುಗಿಲ್ಲಲ್ಲ. ಅದಕ್ಕ ದಿನಾ ಸಂಜೀಕ ನಡಕೊಂತ ಹೋಗ್ತಿದ್ದೆ. ಮೊಣಕಾಲು ಬ್ಯಾನಿ ಬಂದ ಮ್ಯಾಲೆ ಆಕಿ ಬರ್ತಾಳ.” ದಿನವೂ ಏನು ಮಾತಾಡುತ್ತೀರಿ ಎಂದು ಕೇಳಿದೆ. “ಏನೂ ಇಲ್ಲ. ಸೊಸೆಂದಿರನ್ನ ಬೈತೀವಿ” ಎಂದು ಬಾಯಿ ತುಂಬ ನಕ್ಕರು.

ವೈನಿ ಒಂದು ದೊಡ್ಡ ಮುಡ್ಲಿ ಗೆಡ್ಡೆ ಆರಿಸಿದರು. ಎಂಟು ತಿಂಗಳಿಂದ ಅವರ ಅಡಿಗೆಮನೆಯಲ್ಲಿ ಬರೀ ಗಂಜಿ, ಉಪ್ಪಿನಕಾಯಿ. ಒಬ್ಬಳಿಗಾಗಿ ಯಾರು ಒಗ್ಗರಣೆ ಹಾಕುತ್ತಾರೆ ಎನ್ನುತ್ತಿದ್ದರು. “ಒಬ್ಬಾಕಿಗೆ ಇಷ್ಟು ದೊಡ್ಡದ್ಯಾಕ್ರಿ?” ಎಂದು ಮಾರುವಾಕೆ ಕೇಳಿದಾಗ ವೈನಿ ನಮ್ಮ ಕಡೆ ಕೈ ತೋರಿಸಿ, “ಒಬ್ಬಾಕಿಗಲ್ಲ, ನಾಲ್ಕು ಮಂದಿಗೆ” ಎಂದರು.

ಆ ಪಲ್ಯ ಮಾಡುವ ಬಗೆಯನ್ನು ನಿಮಗೂ ಹೇಳಿಬಿಡುತ್ತೇನೆ. ಮುಡ್ಲಿ ಕೆಸುವಿನ ಜಾತಿಯದು. ನಿಮ್ಮಲ್ಲಿ ಸಿಗದಿದ್ದರೆ ಕೆಸುವಿನ ಗೆಡ್ಡೆಯಲ್ಲೇ ಮಾಡಿ. ಕೈಗೆ ಎಣ್ಣೆ ಹಚ್ಚಿಕೊಂಡು ಸಿಪ್ಪೆ ತೆಗೆಯಿರಿ, ಇಲ್ಲವಾದರೆ ಕೆರೆತ. ಹೋಳು ಮಾಡಿ ಉಪ್ಪು, ಅರಿಶಿನ, ಹುಣಸೆಹುಳಿ ಹಾಕಿ ಮೆತ್ತಗೆ ಬೇಯಿಸಿ. ಹುಳಿಗೆ ಜಿಪುಣತನ ಬೇಡ, ಗಂಟಲ ಕೆರೆತಕ್ಕೆ ಅದೇ ಮದ್ದು. ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ, ಬೆಂದ ಹೋಳು ಸೇರಿಸಿ, ಮೇಲೆ ಕಾಯಿತುರಿ ಉದುರಿಸಿ ಐದು ನಿಮಿಷ ಮುಚ್ಚಿಡಿ. ಬಿಸಿ ಅನ್ನಕ್ಕೂ ರೊಟ್ಟಿಗೂ ಸೈ. ಪ್ರಮಾಣ: ಕನಿಷ್ಠ ನಾಲ್ವರಿಗೆ!

ಮುಂಡಗೋಡದ ಉಪ್ಪಿನ ಚಹಾ

ಮುಂಡಗೋಡ ನಮಗೆ ಬೇರೆ ದಿಕ್ಕು. ಕಲಘಟಗಿಗೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕು; ಹುಬ್ಬಳ್ಳಿಯಿಂದ ಬರುವವರಿಗೆ ನೇರ ಬಸ್ಸುಗಳಿವೆ. ಚಳಿಗಾಲದಲ್ಲಿ ಪೇಟೆಗಳಲ್ಲಿ ಸಾಲಾಗಿ ಕುಳಿತು ಸ್ವೆಟರ್ ಮಾರುವ ಟಿಬೆಟ್ ಹೆಂಗಸರಿಂದ ನೀವೂ ಒಂದಾದರೂ ಕೊಂಡಿರುತ್ತೀರಿ. ಅಂಥ ಸಾವಿರಾರು ಜನರ ಊರು ಇದು. 1959ರಲ್ಲಿ ದಲೈಲಾಮಾ ಅವರೊಂದಿಗೆ ದೇಶ ಬಿಟ್ಟು ಬಂದವರಿಗಾಗಿ ಇಲ್ಲಿ 1966ರಲ್ಲಿ ನೆಲೆ ಕಲ್ಪಿಸಲಾಯಿತು. ಕಾಡು ಕಡಿದು ಗೋವಿನಜೋಳ ಬಿತ್ತಿದರು. ಲ್ಹಾಸಾದ ಬಳಿಯಿದ್ದ ಗಾಂಡೆನ್, ಡ್ರೆಪುಂಗ್ ಎಂಬ ದೊಡ್ಡ ವಿಹಾರಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಬಸ್ಸಿಳಿದು ರಿಕ್ಷಾದಲ್ಲಿ ಕ್ಯಾಂಪಿನ ಕಡೆ ತಿರುಗಿದರೆ ಸಾಕು, ಗದ್ದೆಗಳ ನಡುವೆ ಬಂಗಾರದ ಬಣ್ಣದ ಶಿಖರಗಳು, ಕೆಂಪು ನಿಲುವಂಗಿಯ ಸನ್ಯಾಸಿಗಳು, ಗಾಳಿಗೆ ಪಟಪಟಿಸುವ ಬಣ್ಣದ ಪ್ರಾರ್ಥನಾ ಪತಾಕೆಗಳು!

ಪ್ರಾರ್ಥನಾ ಮಂದಿರದ ಸುತ್ತ ಮುದುಕ-ಮುದುಕಿಯರು ಕೈಯಲ್ಲಿ ಮಣಿಚಕ್ರ ತಿರುಗಿಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ನೋಡಿದರೆ ಭಕ್ತಿ, ಹತ್ತಿರ ಹೋಗಿ ಕೇಳಿದರೆ ಹರಟೆಯೂ ನಡೆದಿದೆ. ಕಟ್ಟೆಯ ಮೇಲೆ ಕುಳಿತ ಒಬ್ಬ ಅಜ್ಜಿಗೆ ಕನ್ನಡ ಬರುತ್ತಿತ್ತು. ಎಷ್ಟೋ ಚಳಿಗಾಲ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಿ ಕಲಿತ ಕನ್ನಡ: “ಬರ್ರಿ, ಕುಂದರ್ರಿ, ರೇಟು ಕಮ್ಮಿ ಆಗಂಗಿಲ್ಲ!” ಅವರ ಯಜಮಾನರು ಹೋಗಿ ಒಂದು ವರ್ಷವಾಗಿತ್ತು. ಅವರಲ್ಲಿ ಸತ್ತವರಿಗಾಗಿ 49 ದಿನ ಪ್ರಾರ್ಥನೆ. ಏಳನೆಯ ದಿನ, ಹದಿನಾಲ್ಕನೆಯ ದಿನ, ಹೀಗೆ ಏಳೇಳು ದಿನಕ್ಕೊಮ್ಮೆ ತುಪ್ಪದ ದೀಪ ಹಚ್ಚಿ ಜಪ ಮಾಡಿಸುತ್ತಾರೆ. ಹೆಚ್ಚು ಅತ್ತರೆ ಹೊರಟ ಜೀವಕ್ಕೆ ದಾರಿ ತೊಡಕಾಗುತ್ತದೆಂಬ ನಂಬಿಕೆ. ನಮ್ಮ ಹಿರಿಯರೂ ಇದನ್ನೇ ಹೇಳುತ್ತಿದ್ದರಲ್ಲ!

ನನಗೆ ಮನಸ್ಸಿಗೆ ಹತ್ತಿದ್ದು ಆ ಏಳೇಳು ದಿನದ ಲೆಕ್ಕ. ಮೊದಲ ಎರಡು ವಾರಕ್ಕೆ ಎಲ್ಲ ಮುಗಿಯುವುದಿಲ್ಲ. ಏಳು ವಾರ ಮನೆಗೆ ಜನ ಬಂದು ಹೋಗುವ ನೆಪವಿರುತ್ತದೆ. ದೀಪ ಸತ್ತವರಿಗಿರಲಿ, ಬಂದ ಹೆಜ್ಜೆಯ ಸದ್ದು ಉಳಿದವರಿಗೆ.

ಅಜ್ಜಿ ನಮಗೆ ಬೆಣ್ಣೆ ಹಾಕಿದ ಟಿಬೆಟ್ಟಿನ ಚಹಾ ತರಿಸಿದರು. ಮಾವಶಿ ಒಂದು ಗುಟುಕು ಕುಡಿದು ಕಣ್ಣು ಬಿಟ್ಟರು. “ಅಯ್ಯ, ಚಹಾಕ್ಕ ಉಪ್ಪು ಹಾಕ್ಯಾರ! ನನ್ನ ಸೊಸಿನೂ ಒಮ್ಮೆ ಹಿಂಗ ಮಾಡಿದ್ಲು, ಒಂದು ವಾರ ಬೈದಿದ್ದೆ. ಪಾಪ, ಆಕಿ ಟಿಬೆಟ್ ಚಹಾ ಮಾಡಿದ್ಲೋ ಏನೋ!” ಅಕ್ಕೋರು ಅದನ್ನು ಹಿಂದಿಗೆ ತಿರುಗಿಸಿ ಹೇಳಿದರು. ಅಜ್ಜಿ ನಕ್ಕ ನಗುವಿಗೆ ಕೈಯ ಮಣಿಚಕ್ರ ನಿಂತುಹೋಯಿತು. ದೇಶ ಬಿಟ್ಟವರು, ಸಂಗಾತಿಯನ್ನು ಕಳೆದುಕೊಂಡವರು, ಒಂದು ಮಾತಿಗೆ ಹಾಗೆ ನಗಬಲ್ಲರೆಂದರೆ ಆ ನಗು ಮರೆವಿನಿಂದ ಬಂದದ್ದಲ್ಲ. ಅಕ್ಕೋರು ಅಂದು ಮೊದಲ ಬಾರಿ ತಮ್ಮ ಅಕ್ಕನ ಮಾತೆತ್ತಿದರು. ಆಕೆಗೂ ಚಹಾಕ್ಕೆ ಚಿಟಿಕೆ ಉಪ್ಪು ಬೇಕಾಗಿತ್ತಂತೆ. ನಾವು ಕೇಳುತ್ತ ಕುಳಿತೆವು. ಎರಡು ವರ್ಷ ಯಾರೂ ಕೇಳಿರಲಿಲ್ಲ.

ಅಂಗಿಗಳ ಕೌದಿ

ಊರಿಗೆ ಬಂದ ಮೇಲೆ ನಡೆದದ್ದನ್ನೂ ಹೇಳಬೇಕು. ವೈನಿಯ ಕಪಾಟಿನಲ್ಲಿ ಯಜಮಾನರ ಅಂಗಿ, ಧೋತರ ಹಾಗೆಯೇ ಇದ್ದವು. ಕೊಟ್ಟುಬಿಡು ಎನ್ನುವವರು, ಇಟ್ಟುಕೋ ಎನ್ನುವವರು, ಎರಡೂ ಕಡೆಯವರಿದ್ದರು. ವೈನಿ ಎರಡೂ ಮಾಡಲಿಲ್ಲ. ಕೌದಿ ಹೊಲಿಸಲು ಕೊಟ್ಟರು.

ಕೌದಿ ನಮ್ಮ ಉತ್ತರ ಕರ್ನಾಟಕದ ಮನೆಮನೆಯದು. ಆದರೆ ಈ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಚೆಂದವೇ ಬೇರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ನೆಲೆನಿಂತವರು ಅವರ ಹಿರಿಯರಲ್ಲಿ ಬಹಳ ಜನ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಡೆ ಅವರ ಹಳ್ಳಿಗಳಿವೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’, ಅಂದರೆ ಹೂವು, ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆಯೆಂದು ಅವರ ಮಾತು.

ಕೌದಿ ಬಂದ ದಿನ ನಾವೆಲ್ಲ ಸುತ್ತ ಕುಳಿತೆವು. ಇದು ಮಗನ ಮದುವೆಗೆ ಹೊಲಿಸಿದ ಅಂಗಿ, ಇದು ಪಿಂಚಣಿ ತರಲು ಹೋಗುವಾಗಿನದು, ಇದು ಸಾರು ಚೆಲ್ಲಿಕೊಂಡು ಬೈಸಿಕೊಂಡದ್ದು ಎಂದು ವೈನಿ ಒಂದೊಂದೇ ತುಂಡು ತೋರಿಸಿದರು. ಮಾವಶಿ ಕೌದಿಯನ್ನು ತಟ್ಟಿ, “ಚಲೋ ಆತು. ಇನ್ನ ಗೊರಕಿ ಹೊಡೀಲಾರದ ಗಂಡ ಸಿಕ್ಕ ನಿನಗ” ಎಂದರು. ಎಲ್ಲರೂ ನಕ್ಕೆವು. ವೈನಿ ನಗುತ್ತಲೇ, “ಗೊರಕಿ ಇದ್ದಿದ್ರ ಚಲೋ ಇತ್ತು ಮಾವಶಿ” ಎಂದರು.

ಮಾವಶಿ ಆಗ ಏನೂ ಹೇಳಲಿಲ್ಲ. ವೈನಿಯ ಕೈ ಹಿಡಿದುಕೊಂಡು ಕುಳಿತರು.

ನೀವೂ ಒಮ್ಮೆ ಹೊರಡಿ

ಈ ಕಡೆ ಬರಲು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಾಡು ಚೆಂದ, ಆದರೆ ಜಿಗಣೆಗಳ ಕಾಟ. ಬೆಳಗಿನ ಬಸ್ಸನ್ನೇ ಹಿಡಿಯಿರಿ, ಆಧಾರ್ ಕಾರ್ಡು ಮರೆಯಬೇಡಿ, ಕುಡಿಯುವ ನೀರು, ಗುಳಿಗೆ, ಒಂದು ಶಾಲು ಜೊತೆಗಿರಲಿ. ಮಂಗಗಳಿವೆ, ಡಬ್ಬಿ ಕೈಯಲ್ಲೇ ಭದ್ರವಾಗಿರಲಿ.

ಇನ್ನು ನನ್ನ ಮುಖ್ಯ ಮಾತು. ನಿಮ್ಮ ಓಣಿಯಲ್ಲೂ ಒಬ್ಬ ವೈನಿ ಇದ್ದೇ ಇರುತ್ತಾರೆ. ಹದಿಮೂರು ದಿನ ಎಲ್ಲರೂ ಹೋಗುತ್ತಾರೆ. ನೀವು ಹದಿನಾಲ್ಕನೆಯ ದಿನ ಹೋಗಿ. ‘ಧೈರ್ಯ ತಂದುಕೋ’ ಎನ್ನಬೇಡಿ, ಅದನ್ನು ಅವರು ನೂರು ಸಲ ಕೇಳಿದ್ದಾರೆ. ‘ಚಹಾ ಮಾಡ್ರಿ’ ಎನ್ನಿ. ತೀರಿಕೊಂಡವರ ಹೆಸರೆತ್ತಲು ಹೆದರಬೇಡಿ. ಅವರ ಜಿಪುಣತನ, ಅವರ ಗೊರಕೆ, ಅವರ ಸಿಟ್ಟು ಎಲ್ಲ ನೆನಪಿಸಿ. ನಕ್ಕರೆ ನಗಲಿ, ಅತ್ತರೆ ಅಳಲಿ, ಎರಡಕ್ಕೂ ಜೊತೆಗೆ ಕುಳಿತಿರಿ. ಗಂಡನನ್ನು ಕಳೆದುಕೊಂಡವರಷ್ಟೇ ಅಲ್ಲ, ಅಕ್ಕನನ್ನೋ ತಮ್ಮನನ್ನೋ ಹಳೆಯ ಗೆಳತಿಯನ್ನೋ ಕಳೆದುಕೊಂಡವರ ಮನೆಗೂ ಹೋಗಿ. ಯಾರಾದರೂ ನಕ್ಕದ್ದನ್ನು ಆಡಿಕೊಂಡರೆ ಮಾವಶಿಯ ಮಾತು ಹೇಳಿಬಿಡಿ, ನಗುವುದಕ್ಕೆ ಬೇರೆ ಸೂತಕವಿಲ್ಲ.

ಆಮೇಲೆ ಒಂದು ದಿನ, ಕಾರಣವೇನೂ ಇಲ್ಲದೆ, ಜೊತೆಗೂಡಿ ಬಸ್ಸು ಹತ್ತಿ. ದಾಂಡೇಲಿಗೇ ಬರಬೇಕೆಂದಿಲ್ಲ, ನಿಮ್ಮೂರಿನಿಂದ ಮುಂದಿನ ಊರಿಗಾದರೂ ಆದೀತು. ಕಿಟಕಿಯ ಸೀಟನ್ನು ಸರದಿಯ ಮೇಲೆ ಹಂಚಿಕೊಳ್ಳಿ.